ಬೆದೆ ಬರಲಿಲ್ವೋ, ನಾವು ನೋಡಲಿಲ್ವೋ

ಮೊನ್ನೆ ಸಂಜೆ ಪಕ್ಕದೂರಿನ ಹಂದಿ ಸಾಕೋ ಗೆಳೆಯರೊಬ್ಬರು ಫೋನ್ ಮಾಡಿದ್ರು. "ಅಣ್ಣ, ಒಂದು ತಾಯಿ ಹಂದಿ, ಮರಿ ಬಿಡಿಸಿ ಐವತ್ತು ದಿನ ಆಯ್ತು. ಬೆದೆಗೇ ಬರ್ತಿಲ್ಲ. ತಿನ್ನೋದು ಮಲಗೋದು ಅಷ್ಟೇ. ಭಾನುವಾರ ಕಡಿಯೋಕೆ ಕೊಟ್ಟುಬಿಡ್ತೀನಿ" ಅಂದ್ರು. "ಈ ಭಾನುವಾರ ಬೇಡ, ಮೂರು ವಾರ ತಡೀರಿ" ಅಂದೆ. ಯಾಕೆ ಅಂತ ಕೇಳಿದ್ರು. ಫೋನಲ್ಲಿ ಹೇಳಿ ಮುಗಿಯೋ ವಿಷಯ ಅಲ್ಲ. ಅದಕ್ಕೇ ಇಲ್ಲಿ ಬರೀತಾ ಇದ್ದೀನಿ. ಈ ಪಾಠ ಕಲಿಯೋಕೆ ನಾನು ಒಂದು ಒಳ್ಳೆ ಹಂದಿ, ಒಂದು ಸೂಲು ಮರಿ ಕಳ್ಕೊಂಡಿದ್ದೀನಿ. ನೀವೂ ಕಳ್ಕೊಳ್ಳೋದು ಬೇಡ.

ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಸೋಮವಾರಪೇಟೆ ಕಡೆ ಡಿಸೆಂಬರ್ ಅಂದ್ರೆ ಗೊತ್ತಲ್ಲ, ಕಾಫಿ ಕುಯ್ಲು. ಯಾರಿಗೂ ಕೂರೋಕೆ ಪುರುಸೊತ್ತಿಲ್ಲ. ಕಿವಿ ನಂಬರ್ 7 ಅಂತ ಒಂದು ಯಾರ್ಕ್‌ಶೈರ್ ಹೆಣ್ಣು, ಮೂರು ಸೂಲು ಹಾಕಿದ್ದು, ಹನ್ನೊಂದು, ಹತ್ತು, ಹನ್ನೆರಡು ಮರಿ. ಮೂರನೇ ಸೂಲಿನ ಮರಿಗಳನ್ನ ಡಿಸೆಂಬರ್ 3ಕ್ಕೆ ಬಿಡಿಸಿದೆ. ಮರಿ ಬಿಡಿಸಿದ ನಾಲ್ಕರಿಂದ ಏಳು ದಿನದಲ್ಲಿ ಬೆದೆಗೆ ಬರಬೇಕು, ಇದು ನಮಗೆಲ್ಲ ಗೊತ್ತಿರೋದೇ. ಡಿಸೆಂಬರ್ ಕಳೀತು, ಇಲ್ಲ. ಸಂಕ್ರಾಂತಿ ಆಯ್ತು, ಇಲ್ಲ. ಬೆಳಿಗ್ಗೆ ಮೇವು ಹಾಕೋವಾಗ ಒಂದು ಸಲ ಹಿಂದುಗಡೆ ನೋಡ್ತಿದ್ದೆ, ಕೆಂಪೂ ಇಲ್ಲ, ಊತವೂ ಇಲ್ಲ. "ಇದು ಬಂಜೆ ಆಯ್ತು" ಅಂತ ನಾನೇ ತೀರ್ಮಾನ ಮಾಡಿ ಜನವರಿ 29ಕ್ಕೆ ಮಾಂಸದಂಗಡಿಯವರಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆ.

ದುಡ್ಡು ತರೋಕೆ ಅಂತ ಅವತ್ತು ಅಂಗಡಿ ಹಿಂದೆ ಹೋಗಿದ್ದೆ. ಹೊಟ್ಟೆ ಬಿಚ್ಚಿ ಗರ್ಭಕೋಶ ತೆಗೆದು ಬಕೆಟಿಗೆ ಹಾಕಿದ್ರು. ಏನೋ ಕುತೂಹಲ, ಎತ್ತಿ ನೋಡಿದೆ. ಹಂದಿಗೆ ಗರ್ಭಕೋಶದ ಕೊಂಬು ಎರಡು, ಕರುಳಿನ ಹಾಗೆ ಉದ್ದ ಸುತ್ತಿಕೊಂಡಿರುತ್ತೆ. ಒಂದೊಂದು ಕೊಂಬಿನ ತುದಿಗೆ ಒಂದೊಂದು ಅಂಡಾಶಯ. ನಾನು ಏನು ಅಂದ್ಕೊಂಡಿದ್ದೆ ಅಂದ್ರೆ, ಬಂಜೆ ಹಂದಿ, ಒಣಗಿದ ಹುರುಳಿಕಾಳಿನ ಹಾಗೆ ಏನೋ ಇರುತ್ತೆ ಅಂತ. ಕೈಗೆ ಬಂದಿದ್ದು ಕಾಫಿ ಹಣ್ಣಿನ ಗೊಂಚಲು! ಒಂದು ಕಡೆ ಎಂಟು, ಇನ್ನೊಂದು ಕಡೆ ಆರು, ಒಂದೊಂದೂ ಕಾಫಿ ಹಣ್ಣಿನ ಗಾತ್ರದ, ಮಾಂಸದ ಬಣ್ಣದ ಗಡ್ಡೆ. ಅವುಗಳ ಸಂದಿಯಲ್ಲಿ ಬಿಳಿಚಿಕೊಂಡ ಸಣ್ಣ ಸಣ್ಣ ಕಲೆ ಥರದ ಗಂಟುಗಳು.

ಫೋಟೋ ತೆಗೆದು ನಮ್ಮ ಪಶುವೈದ್ಯರಿಗೆ ಕಳಿಸಿದೆ. ಐದೇ ನಿಮಿಷಕ್ಕೆ ಅವರೇ ಫೋನ್ ಮಾಡಿದ್ರು. "ಇದನ್ನ ಯಾಕ್ರೀ ಕಡಿಸಿದ್ರಿ? ಇದು ಸರಿಯಾಗೇ ಬೆದೆಗೆ ಬರ್ತಿತ್ತಲ್ಲ."

ಅವರು ಬಿಡಿಸಿ ಹೇಳಿದ್ದು ಹೀಗೆ. ಬೆದೆಯಲ್ಲಿ ಮೊಟ್ಟೆ ಬಿಡುಗಡೆ ಆದ ಒಂದೊಂದು ಜಾಗದಲ್ಲೂ ಒಂದೊಂದು ಗಡ್ಡೆ ಬೆಳೆಯುತ್ತೆ. ಅದಕ್ಕೆ ಕಾರ್ಪಸ್ ಲೂಟಿಯಂ ಅಂತ ಹೆಸರು, ಡಾಕ್ಟರುಗಳು ಸಿ.ಎಲ್. ಅಂತಾರೆ. ಹದಿನಾಲ್ಕು ಗಡ್ಡೆ ಅಂದ್ರೆ ಹದಿನಾಲ್ಕು ಮೊಟ್ಟೆ ಬಿಟ್ಟಿದೆ ಅಂತ. ಗಡ್ಡೆ ತುಂಬಿಕೊಂಡು ಗಟ್ಟಿಯಾಗಿದೆ, ಪಕ್ಕದಲ್ಲಿ ದೊಡ್ಡ ನೀರುಗುಳ್ಳೆ ಇಲ್ಲ, ಅಂದ್ರೆ ಬೆದೆ ಮುಗಿದು ಎಂಟರಿಂದ ಹನ್ನೆರಡು ದಿನ ಆಗಿದೆ. ಆ ಬಿಳಿಚಿದ ಗಂಟುಗಳು ಅದರ ಹಿಂದಿನ ಬೆದೆಯ ಗಡ್ಡೆಗಳು ಬಾಡಿ ಉಳಿದಿದ್ದು. ಅಂದ್ರೆ ಒಂದಲ್ಲ, ಕನಿಷ್ಠ ಎರಡು ಬೆದೆ ಬಂದು ಹೋಗಿದೆ.

ಮನೆಗೆ ಬಂದು ಕ್ಯಾಲೆಂಡರ್ ಇಟ್ಕೊಂಡು ಹಿಂದಕ್ಕೆ ಎಣಿಸಿದೆ. ಜನವರಿ 29ರಿಂದ ಹತ್ತು ದಿನ ಹಿಂದೆ ಅಂದ್ರೆ 19. ಆವಾಗ ಎರಡು ದಿನ ಹೆಂಡತಿ ತವರಲ್ಲಿ ಮದುವೆಗೆ ಹೋಗಿದ್ದೆ. ಅದಕ್ಕೂ 21 ದಿನ ಹಿಂದೆ ಡಿಸೆಂಬರ್ 29. ಕಣದಲ್ಲಿ ಕಾಫಿ ಹರಡಿಕೊಂಡು ಮೋಡ ನೋಡ್ತಾ ಕೂತಿದ್ದ ದಿನ. ಅದಕ್ಕೂ 21 ದಿನ ಹಿಂದೆ ಡಿಸೆಂಬರ್ 8, ಮರಿ ಬಿಡಿಸಿದ ಐದನೇ ದಿನ, ಸರಿಯಾದ ಲೆಕ್ಕ! ಹಂದಿ ತನ್ನ ಕೆಲಸ ತಪ್ಪದೆ ಮಾಡಿದೆ. ತಪ್ಪಿದ್ದು ನಾನು. ಬೆದೆ ಬರಲಿಲ್ಲ ಅನ್ನೋದೇ ಬೇರೆ, ಬೆದೆ ನೋಡಲಿಲ್ಲ ಅನ್ನೋದೇ ಬೇರೆ. ನಾವು ಎರಡನೇದನ್ನ ಮಾಡಿ ಮೊದಲನೇದನ್ನ ಹೇಳ್ತೀವಿ.

ಆಮೇಲೆ ನನಗೆ ಅದೊಂದು ಹುಚ್ಚು ಹಿಡೀತು. ಹೆಣ್ಣು ಹಂದಿ ಕಡಿದಾಗೆಲ್ಲ ಅಂಡಾಶಯ ಎತ್ತಿಡಿ ಅಂತ ಅಂಗಡಿಯವರಿಗೆ ಹೇಳಿಟ್ಟೆ. ಅವರು ನಗ್ತಿದ್ರು, ಆದ್ರೂ ಇಡ್ತಿದ್ರು. ನೋಡ್ತಾ ನೋಡ್ತಾ, ಡಾಕ್ಟರನ್ನ ಕೇಳ್ತಾ, ಒಂದು ಲೆಕ್ಕ ಸಿಕ್ತು. ನಮ್ಮ ತೋಟದ ಅಳತೆಯಲ್ಲೇ ಹೇಳ್ತೀನಿ: ಕರಿಮೆಣಸು, ಬಟಾಣಿ, ಕಾಫಿ ಹಣ್ಣು.

ಬೆದೆಗೆ ನಿಲ್ಲೋ ಮೊದಲ ದಿನವನ್ನ ಸೊನ್ನೆ ಅಂತ ಇಟ್ಕೊಳ್ಳಿ. ಅದಕ್ಕೂ ಐದಾರು ದಿನ ಮುಂಚೆ ಅಂಡಾಶಯದ ಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳು ಇರುತ್ತೆ, ಕರಿಮೆಣಸು ಗಾತ್ರ. ಇವೇ ಫಾಲಿಕಲ್, ಒಂದೊಂದರಲ್ಲಿ ಒಂದೊಂದು ಮೊಟ್ಟೆ. ಇವು ಬೆಳೆದು ಬಟಾಣಿ ಗಾತ್ರ ಆಗ್ತಾ ಹೋದ ಹಾಗೆ ಆ ಗುಳ್ಳೆಯ ಗೋಡೆಯಲ್ಲಿ ಈಸ್ಟ್ರೋಜನ್ ಹಾರ್ಮೋನ್ ತಯಾರಾಗಿ ಒಳಗಿನ ನೀರಲ್ಲಿ ತುಂಬುತ್ತೆ, ರಕ್ತಕ್ಕೂ ಸೇರುತ್ತೆ. ಹಿಂದುಗಡೆ ಕೆಂಪಾಗೋದು, ಊದೋದು, ಮೇವು ಬಿಡೋದು, ಪಕ್ಕದ ಹಂದಿ ಮೇಲೆ ಹತ್ತೋದು, ಗುರುಗುಟ್ಟೋದು, ಎಲ್ಲ ಇದರ ಆಟ. ಈಸ್ಟ್ರೋಜನ್ ಏರಿ ಏರಿ ತುದಿ ಮುಟ್ಟಿದಾಗ ಮೆದುಳಿನ ಬುಡದ ಗ್ರಂಥಿಯಿಂದ ಎಲ್.ಎಚ್. ಅನ್ನೋ ಹಾರ್ಮೋನ್ ಒಂದೇ ಸಲ ಉಕ್ಕುತ್ತೆ. ಅದಾಗಿ ಸುಮಾರು ಒಂದೂವರೆ ದಿನಕ್ಕೆ ಗುಳ್ಳೆಗಳು ಒಡೆದು ಮೊಟ್ಟೆ ಹೊರಗೆ.

ಇಲ್ಲೊಂದು ಗಮನಿಸಬೇಕಾದ ಮಾತು. ಹಿಂದುಗಡೆ ತುಂಬಾ ಕೆಂಪಾಗಿರೋ ದಿನ ಹಂದಿ ನಿಲ್ಲೋ ದಿನ ಅಲ್ಲ. ಕೆಂಪು ಸ್ವಲ್ಪ ಇಳಿಯೋಕೆ ಶುರುವಾದ ಮೇಲೆ ಎಷ್ಟೋ ಹಂದಿ ನಿಲ್ಲೋದು. ನಿಲ್ಲೋ ಕಾಲ ಎರಡರಿಂದ ಮೂರು ದಿನ, ಕೆಲವಕ್ಕೆ ಇನ್ನೂ ಕಮ್ಮಿ. ಮೊಟ್ಟೆ ಬಿಡೋದು ಆ ಕಾಲದ ಮೂರರಲ್ಲಿ ಎರಡು ಪಾಲು ಕಳೆದ ಮೇಲೆ. ಅದಕ್ಕೇ ಒಂದೇ ಸಲ ಕ್ರಾಸ್ ಮಾಡಿಸಿ ಸುಮ್ಮನಾದ್ರೆ ಮರಿ ಕಮ್ಮಿ ಆಗೋದು, ಒಂದು ದಿನ ಬಿಟ್ಟು ಇನ್ನೊಂದು ಸಲ ಮಾಡಿಸಬೇಕು.

ಗುಳ್ಳೆ ಒಡೆದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟಿದ ಹಾಗೆ ಕಡುಕೆಂಪು ಚುಕ್ಕೆ. ನಾಲ್ಕೈದು ದಿನದಲ್ಲಿ ಅದೇ ಗಟ್ಟಿಯಾಗಿ ಮಾಂಸದ ಗಡ್ಡೆ ಆಗುತ್ತೆ, ಎಂಟನೇ ದಿನದ ಹೊತ್ತಿಗೆ ಕಾಫಿ ಹಣ್ಣು. ಈ ಗಡ್ಡೆ ಮಾಡೋ ಹಾರ್ಮೋನ್ ಪ್ರೊಜೆಸ್ಟೆರಾನ್. ಇದರ ಕೆಲಸ ಗರ್ಭಕೋಶವನ್ನ ಹದ ಮಾಡೋದು, ಮತ್ತೆ ಬೆದೆ ಬಾರದ ಹಾಗೆ ತಡೆಯೋದು. ಇದು ಇರೋವರೆಗೂ ಹಂದಿ ತಣ್ಣಗಿರುತ್ತೆ. ಮೊಟ್ಟೆ ಮರಿಯಾಗಿಲ್ಲ ಅಂದ್ರೆ 13ರಿಂದ 16ನೇ ದಿನದೊಳಗೆ ಗರ್ಭಕೋಶವೇ ಪ್ರೊಸ್ಟಾಗ್ಲಾಂಡಿನ್ ಅನ್ನೋದನ್ನ ಕಳಿಸಿ ಗಡ್ಡೆಗಳನ್ನ ಬಾಡಿಸುತ್ತೆ. ಪ್ರೊಜೆಸ್ಟೆರಾನ್ ಇಳೀತು, ಕರಿಮೆಣಸುಗಳು ಮತ್ತೆ ಬಟಾಣಿ ಆಗೋಕೆ ಹೊರಟವು, 21ಕ್ಕೆ ಮತ್ತೆ ಬೆದೆ. ಕೆಲವಕ್ಕೆ 18, ಕೆಲವಕ್ಕೆ 24.

ಮರಿಯಾಗಿದ್ರೆ? ಕ್ರಾಸ್ ಆದ 11, 12ನೇ ದಿನಕ್ಕೆ ಹೊಟ್ಟೆಯೊಳಗಿನ ಆ ಪುಟ್ಟ ಭ್ರೂಣಗಳೇ ಈಸ್ಟ್ರೋಜನ್ ಬಿಟ್ಟು ತಾಯಿಗೆ "ನಾವಿದ್ದೀವಿ" ಅಂತ ಸುದ್ದಿ ಮುಟ್ಟಿಸ್ತವೆ. ಸಾಮಾನ್ಯವಾಗಿ ನಾಲ್ಕಾದ್ರೂ ಭ್ರೂಣ ಇದ್ರೇ ಆ ಸುದ್ದಿ ಸರಿಯಾಗಿ ಮುಟ್ಟೋದು. ಆಗ ಗಡ್ಡೆಗಳು ಬಾಡಲ್ಲ, 114 ದಿನವೂ ನಿಂತಿರ್ತವೆ. ಈ ಮಾತು ಚೆನ್ನಾಗಿ ನೆನಪಿಟ್ಕೊಳ್ಳಿ: ಹಂದಿಯಲ್ಲಿ ಗರ್ಭ ನಿಲ್ಲೋದು ಪೂರ್ತಿ ಈ ಗಡ್ಡೆಗಳ ಮೇಲೆ. ಗಡ್ಡೆ ಹೋದ್ರೆ ಮರಿ ಹೋಯ್ತು, ಎಷ್ಟೇ ತಿಂಗಳಾಗಿರಲಿ. ಹಾಕೋ ಹೊತ್ತು ಹತ್ರ ಬಂದಾಗ ಮೂಳೆ ಸಂದು, ಗರ್ಭಕೋಶದ ಬಾಯಿ ಸಡಿಲ ಮಾಡೋ ರಿಲ್ಯಾಕ್ಸಿನ್ ಅನ್ನೋ ಹಾರ್ಮೋನ್ ಕೂಡ ಈ ಗಡ್ಡೆಗಳಲ್ಲೇ ತಿಂಗಳುಗಟ್ಟಲೆ ಕೂಡಿಟ್ಟಿರುತ್ತೆ.

ಈ ಲೆಕ್ಕವೆಲ್ಲ ಲೋಕಕ್ಕೆ ಗೊತ್ತಾಗಿದ್ದೂ ಕಡಿಯೋ ಜಾಗದಲ್ಲೇ ಅಂತ ಡಾಕ್ಟರು ಹೇಳಿದಾಗ ನನಗೆ ಖುಷಿ ಆಯ್ತು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾರ್ಜ್ ಕಾರ್ನರ್ ಅನ್ನೋ ವೈದ್ಯ ಕಸಾಯಿಖಾನೆಯ ಹೆಣ್ಣು ಹಂದಿಗಳ ಅಂಡಾಶಯ ನೋಡಿ ನೋಡಿ ಯಾವ ದಿನ ಏನಿರುತ್ತೆ ಅಂತ 1921ರಲ್ಲಿ ಬರೆದಿಟ್ಟ. 1929ರಲ್ಲಿ ಅವನೂ ವಿಲ್ಲರ್ಡ್ ಅಲೆನ್ ಅನ್ನೋನೂ ಸೇರಿ ಈ ಹಂದಿ ಗಡ್ಡೆಗಳ ರಸ ತೆಗೆದು, ಗರ್ಭ ನಿಲ್ಲಿಸೋ ಶಕ್ತಿ ಅದರಲ್ಲಿದೆ ಅಂತ ಮೊಲಗಳಲ್ಲಿ ತೋರಿಸಿದ್ರು. ಅದೇ ಮುಂದೆ ಪ್ರೊಜೆಸ್ಟೆರಾನ್ ಆಯ್ತು. 1935ರಲ್ಲಿ ಎಡ್ವರ್ಡ್ ಡಾಯ್ಸಿ ಅನ್ನೋರು ಸುಮಾರು ನಾಲ್ಕು ಟನ್ ಹಂದಿ ಅಂಡಾಶಯ ಅರೆದು ಸೋಸಿದಾಗ ಸಿಕ್ಕ ಈಸ್ಟ್ರಡಯಾಲ್, ಅಂದ್ರೆ ಅಸಲಿ ಈಸ್ಟ್ರೋಜನ್, 12 ಮಿಲಿಗ್ರಾಂ. ಒಂದು ಚಿಟಿಕೆಯೂ ಇಲ್ಲ. ಅಷ್ಟು ಕಣದಷ್ಟು ವಸ್ತು ನೂರೈವತ್ತು ಕಿಲೋ ಹಂದಿಯನ್ನ ಕುಣಿಸುತ್ತೆ ಅಂದ್ರೆ, ನಾವು ಸುಮ್ ಸುಮ್ನೆ ಸಿರಿಂಜ್ ಹಿಡಿಯೋ ಮುಂಚೆ ಎರಡು ಸಲ ಯೋಚಿಸಬೇಕು.

ನಾನು ಯೋಚಿಸಲಿಲ್ಲ. ಎರಡನೇ ತಪ್ಪು ಅದೇ.

7ನೇ ನಂಬರನ್ನ ಕಳ್ಕೊಂಡ ಮುಂದಿನ ಮಳೆಗಾಲ. 12ನೇ ನಂಬರ್ ಹೆಣ್ಣು, ಮರಿ ಬಿಡಿಸಿ ಸುಮಾರು ಐವತ್ತು ದಿನ, ಬೆದೆ ಇಲ್ಲ. ಈ ಸಲ ನಾನು ಬುದ್ಧಿವಂತ ಅಲ್ವಾ, ದಿನಾ ನೋಡ್ತಿದ್ದೆ. ನಿಜವಾಗಲೂ ಇರಲಿಲ್ಲ. "ಗಡ್ಡೆ ಉಳ್ಕೊಂಡಿದೆ, ಕರಗಿಸಿದ್ರೆ ಬೆದೆಗೆ ಬರುತ್ತೆ" ಅಂತ ನಾನೇ ಡಾಕ್ಟರ್ ಆದೆ. ಹಸುವಿಗೆ ಅಂತ ತಂದಿಟ್ಟಿದ್ದ ಪ್ರೊಸ್ಟಾಗ್ಲಾಂಡಿನ್ ಇಂಜೆಕ್ಷನ್ ಮನೇಲಿತ್ತು. ಚುಚ್ಚಿದೆ. ಮಾರನೇ ದಿನ ರಾತ್ರಿ ಹಂದಿ ಒದ್ದಾಡ್ತಿತ್ತು. ಬೆಳಿಗ್ಗೆ ಹೋಗಿ ನೋಡಿದ್ರೆ ಹುಲ್ಲಿನ ಮೇಲೆ ಹನ್ನೊಂದು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡವು. ಮೂತಿ, ಕಾಲು, ಗೊರಸು ಎಲ್ಲ ಗುರುತು ಸಿಗೋ ಹಾಗೆ.

ನಮ್ಮ ಹಂದಿ ನೋಡ್ಕೊಳ್ಳೋ ಹುಡುಗ ಪಕ್ಕದಲ್ಲಿ ನಿಂತಿದ್ದ. "ಆವತ್ತು ಮಳೆ ಗಾಳಿಗೆ ಗೇಟ್ ಮುರಿದು ಗಂಡು ಇದರ ಕೋಣೆಗೆ ನುಗ್ಗಿತ್ತಲ್ಲ ಅಣ್ಣ, ಬೆಳಿಗ್ಗೆ ನಿಮಗೆ ಹೇಳಿದ್ನಲ್ಲ" ಅಂದ. ಹೇಳಿದ್ದ. ಗೇಟು ರಿಪೇರಿ ಮಾಡಿಸಿದೆ, ತಾರೀಕು ಬರೆದಿಡಲಿಲ್ಲ. ಬೆದೆ ಬಂದಿಲ್ಲ ಅಂತ ನಾನು ಚಿಂತೆ ಮಾಡ್ತಿದ್ದಿದ್ದು ಅದು ಗಬ್ಬ ಇದ್ದಿದ್ದಕ್ಕೆ. ಒಂದನ್ನ ಖಾಲಿ ಅಂತ ಕಡಿಸಿದೆ, ಅದು ಬಂಜೆ ಆಗಿರಲಿಲ್ಲ. ಇನ್ನೊಂದನ್ನ ಖಾಲಿ ಅಂತ ಚುಚ್ಚಿದೆ, ಅದು ಖಾಲಿಯೇ ಆಗಿರಲಿಲ್ಲ. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ ನನಗೆ.

ಇಂಜೆಕ್ಷನ್ ವಿಷಯ ಬಂದಿದ್ದಕ್ಕೆ ಎರಡು ಮಾತು, ಯಾಕಂದ್ರೆ ನಮ್ಮ ಕಡೆ ಹಸು ಹಂದಿ ಎರಡೂ ಸಾಕೋರು ಜಾಸ್ತಿ. ಹಸುವಿನ ಗಡ್ಡೆ ಬೆದೆಯಾದ ಐದಾರು ದಿನಕ್ಕೇ ಪ್ರೊಸ್ಟಾಗ್ಲಾಂಡಿನ್‌ಗೆ ಬಗ್ಗುತ್ತೆ. ಹಂದಿಯ ಗಡ್ಡೆ ಹಾಗಲ್ಲ, 12ನೇ ದಿನದವರೆಗೂ ಒಂದು ಡೋಸಿಗೆ ಜಗ್ಗಲ್ಲ. ಆಮೇಲೆ ಹೇಗೂ ಅದೇ ಬಾಡೋ ಕಾಲ. ಅಂದ್ರೆ ಸರಿಯಾಗಿ ಬೆದೆಗೆ ಬರೋ ಹಂದಿಗೆ ಹಸುವಿನ ಲೆಕ್ಕದಲ್ಲಿ ಚುಚ್ಚಿದ್ರೆ ಉಪಯೋಗ ಇಲ್ಲ, ಗಬ್ಬದ ಹಂದಿಗೆ ಚುಚ್ಚಿದ್ರೆ ಮರಿ ಹೋಗುತ್ತೆ. ಇನ್ನೊಂದು, ಈ ಔಷಧಿ ಚರ್ಮದ ಮೂಲಕವೂ ಒಳಗೆ ಹೋಗುತ್ತೆ. ಬಸುರಿ ಹೆಣ್ಣುಮಕ್ಕಳು, ಉಬ್ಬಸ ಇರೋರು ಇದನ್ನ ಮುಟ್ಟಲೇಬಾರದು. ನಮ್ಮ ಮನೇಲಿ ಅದು ಫ್ರಿಜ್ಜಲ್ಲಿ ಹಾಲಿನ ಪಕ್ಕ ಇತ್ತು ಅಂತ ಈಗ ನೆನೆಸಿಕೊಂಡ್ರೆ ಮೈ ಜುಂ ಅನ್ನುತ್ತೆ. ಬೆದೆ ತರಿಸೋ ಇನ್ನೊಂದು ಬಗೆ ಇಂಜೆಕ್ಷನ್ ಇದೆ, ಕರಿಮೆಣಸನ್ನ ಬಟಾಣಿ ಮಾಡೋದು. ಅದು ನಿಜವಾಗಿ ಅಂಡಾಶಯ ಮಲಗಿರೋ ಹಂದಿಗೆ. ಗಡ್ಡೆ ಇರೋ ಹಂದಿಗೆ ಹಾಕಿದ್ರೆ ದುಡ್ಡು ದಂಡ. ಯಾವುದು ಯಾವಾಗ ಅಂತ ಡಾಕ್ಟರು ಹೇಳಲಿ, ನಾವಲ್ಲ.

ನಿಜವಾಗಿ ಅಂಡಾಶಯ ಮಲಗಿರೋ ಹಂದಿಯೂ ಇರುತ್ತೆ, ಇಲ್ಲ ಅನ್ನಲ್ಲ. ಅಂಗಡಿಯವರು ಎತ್ತಿಟ್ಟಿದ್ರಲ್ಲಿ ಒಂದು ಜೊತೆ ನೋಡಿದ್ದೆ. ಬೆನ್ನುಮೂಳೆ ಕಾಣೋ ಹಾಗೆ ಸೊರಗಿದ್ದ ತಾಯಿ ಹಂದಿಯದು. ಗಡ್ಡೆಯೂ ಇಲ್ಲ, ಬಟಾಣಿಯೂ ಇಲ್ಲ, ಬರೀ ಕರಿಮೆಣಸು, ಅದಕ್ಕಿಂತ ಸಣ್ಣವು. ಮರಿ ಹಾಲು ಕುಡಿಯೋವರೆಗೂ ಎಲ್ಲ ತಾಯಿ ಹಂದಿಗೂ ಅಂಡಾಶಯ ಹೀಗೇ ಇರುತ್ತೆ, ಮೊಲೆ ಚೀಪೋದೇ ಎಲ್.ಎಚ್. ತಡೆದು ಹಿಡಿಯುತ್ತೆ. ಮರಿ ಬಿಡಿಸಿದ ಮೇಲೆ ಏಳಬೇಕು. ಹಾಲುಣಿಸೋ ತಿಂಗಳಲ್ಲಿ ಬರೀ ಹೋಟೆಲ್ ಮುಸುರೆ ನಂಬ್ಕೊಂಡು ಹಂದಿ ಇಳಿದು ಹೋದ್ರೆ ಏಳಲ್ಲ. ಅಲ್ಲಿ ತಪ್ಪು ಹಂದಿಯದಲ್ಲ, ತೊಟ್ಟಿಯದು. ಇನ್ನೊಂದು ಸಲ ತೆಳು ಚರ್ಮದ, ಸಣ್ಣ ನಿಂಬೆಕಾಯಿ ಗಾತ್ರದ ನೀರುಚೀಲಗಳು ಕಂಡವು. ಅದು ಸಿಸ್ಟ್, ಆ ಹಂದಿಯನ್ನ ಕಡಿಯೋಕೆ ಕೊಟ್ಟಿದ್ದು ಸರಿಯೇ.

ಬೂಷ್ಟು ಹಿಡಿದ ಜೋಳದ ಬಗ್ಗೆಯೂ ಹೇಳಲೇಬೇಕು, ಮಳೆಗಾಲದ ಮೆಕ್ಕೆಜೋಳ ನಾವೆಲ್ಲ ಹಾಕೋರೇ. ಆ ಬೂಷ್ಟಲ್ಲಿ ಒಂದು ಜಾತಿ ಝೀರಲೆನೋನ್ ಅನ್ನೋ ವಿಷ ಮಾಡುತ್ತೆ. ಅದು ದೇಹದೊಳಗೆ ಈಸ್ಟ್ರೋಜನ್ ವೇಷ ಹಾಕುತ್ತೆ. ಮೂರು ತಿಂಗಳ ಹೆಣ್ಣು ಮರಿಗೂ ಹಿಂದುಗಡೆ ಕೆಂಪಾಗಿ ಊದಿದ್ರೆ ಮೊದಲು ಜೋಳದ ಮೂಟೆ ಬಿಚ್ಚಿ ನೋಡಿ. ದೊಡ್ಡ ಹಂದಿಗೆ ಬೆದೆ ಆದ ಎರಡನೇ ವಾರದಲ್ಲಿ ಇದು ಹೊಟ್ಟೆಗೆ ಹೋದ್ರೆ, ಭ್ರೂಣ ಕಳಿಸೋ ಸುದ್ದಿಯನ್ನ ಈ ವಿಷವೇ ಕಳಿಸಿದ ಹಾಗಾಗುತ್ತೆ. ಗಡ್ಡೆ ಬಾಡಲ್ಲ, ಹೊಟ್ಟೆಯಲ್ಲಿ ಮರಿ ಇಲ್ಲ, ಬೆದೆಯೂ ಇಲ್ಲ. ಕಳ್ಳ ಗಬ್ಬ.

ಹಾಗಾದ್ರೆ ಬದುಕಿರೋ ಹಂದಿಯ ಅಂಡಾಶಯ ಹೇಗೆ ನೋಡೋದು ಅಂತೀರಾ? ನೋಡೋಕಾಗಲ್ಲ. ಕ್ಯಾಲೆಂಡರ್ ನೋಡಬೇಕು, ಗಂಡನ್ನ ಬಳಸಬೇಕು. ನಾನೀಗ ಮಾಡೋದಿಷ್ಟು. ಮರಿ ಬಿಡಿಸಿದ ಮೂರನೇ ದಿನದಿಂದ ಬೆಳಿಗ್ಗೆ ಸಂಜೆ ಎರಡು ಹೊತ್ತು ಪರೀಕ್ಷೆ, ಮೇವು ಹಾಕೋ ಹೊತ್ತಲ್ಲಿ ಅಲ್ಲ, ಮೇವು ಮುಗಿದು ಅರ್ಧ ಗಂಟೆ ಆದ ಮೇಲೆ. ಹೊಟ್ಟೆ ಹಸಿದ ಹಂದಿಗೆ ಬೆದೆ ನೆನಪಿರಲ್ಲ. ಗಂಡನ್ನ ಮೂತಿಗೆ ಮೂತಿ ತಾಗೋ ಹಾಗೆ ಕಂಬಿ ಆಚೆ ನಿಲ್ಲಿಸಿ, ಹೆಣ್ಣಿನ ಪಕ್ಕೆ ನೇವರಿಸಿ ಸೊಂಟದ ಮೇಲೆ ಅಂಗೈ ಊರಿ ಒತ್ತಬೇಕು. ಗಂಡಿನ ಜೊಲ್ಲಿನ ವಾಸನೆಯಲ್ಲೇ ಹೆಣ್ಣನ್ನ ನಿಲ್ಲಿಸೋ ವಸ್ತು ಇದೆ. ಗಂಡಿಲ್ಲದೆ ಬರೀ ಕೈ ಒತ್ತಿದ್ರೆ ಎಷ್ಟೋ ಹೆಣ್ಣು ಬೆದೆಯಲ್ಲಿದ್ರೂ ನಿಲ್ಲಲ್ಲ. 7ನೇ ನಂಬರಿನ ಹಣೆಬರಹವೂ ಅದೇ, ಆಗ ನನ್ನ ಗಂಡು ಶೆಡ್ಡಿನ ಇನ್ನೊಂದು ತುದಿಯಲ್ಲಿತ್ತು. ಗಂಡಿಲ್ಲದವರು ಬೇರೆಯವರ ಗಂಡನ್ನ ಕರ್ಕೊಂಡು ಬರೋಕೆ ಹೋಗ್ಬೇಡಿ, ಆಫ್ರಿಕನ್ ಹಂದಿ ಜ್ವರಕ್ಕೆ ಮದ್ದಿಲ್ಲ. ಬೆದೆ ನೋಡೋಕೆ ಅಂತಾನೇ ಒಂದು ಗಂಡು ಸಾಕಿ.

ನಿಂತ ದಿನ, ಕ್ರಾಸ್ ಆದ ದಿನ, ಗೇಟ್ ಮುರಿದ ದಿನ, ಎಲ್ಲ ಶೆಡ್ಡಿನ ಗೋಡೆ ಮೇಲಿನ ಕ್ಯಾಲೆಂಡರಲ್ಲಿ. ಬರೆಯೋ ಹಕ್ಕು ನಮ್ಮ ಹುಡುಗನಿಗೂ ಇದೆ. ಕ್ರಾಸ್ ಆದ 18ರಿಂದ 24ನೇ ದಿನ ಮತ್ತೆ ಗಂಡನ್ನ ಮುಂದೆ ನಿಲ್ಲಿಸಿ ನೋಡ್ತೀವಿ. ಒಂದು ತಿಂಗಳಾದ ಮೇಲೆ ಡಾಕ್ಟರನ್ನ ಕರೆದು ಸ್ಕ್ಯಾನ್ ಮಾಡಿಸ್ತೀವಿ. ಖಾಲಿ ಅನ್ನೋ ಮಾತು ಆ ಸ್ಕ್ಯಾನ್ ಆಗೋವರೆಗೂ ನಮ್ಮ ಶೆಡ್ಡಲ್ಲಿ ಯಾರೂ ಆಡೋ ಹಾಗಿಲ್ಲ.

ಫೋನ್ ಮಾಡಿದ ಗೆಳೆಯರಿಗೂ ಇದನ್ನೇ ಹೇಳಿದೆ. ಮೊದಲು ಗಬ್ಬ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ, ಆಮೇಲೆ 24 ದಿನ ಎರಡು ಹೊತ್ತು ಗಂಡಿನ ಮುಂದೆ ನೋಡಿ. ಅಷ್ಟರಲ್ಲೂ ನಿಲ್ಲಲಿಲ್ಲ ಅಂದ್ರೆ ಡಾಕ್ಟರು ಹೇಳಿದ ಹಾಗೆ ಮಾಡಿ, ಕಡಿಸೋದು ಇದ್ದೇ ಇದೆ. ನಿನ್ನೆ ಮತ್ತೆ ಫೋನ್ ಮಾಡಿದ್ರು, ಗಂಡನ್ನ ಪಕ್ಕದ ಕೋಣೆಗೆ ತಂದು ಕಟ್ಟಿದ್ದಾರಂತೆ. ಇವತ್ತಿಗೆ ಎರಡನೇ ದಿನ. ಇನ್ನೂ ನಿಂತಿಲ್ಲ. ಕಾಯ್ತಾ ಇದ್ದಾರೆ.